ಎಡಗೈ ಬಂದೂಕ

ಗುರುಕಿರಣನಿಗೆ ಅವನ ತಾಯಿ ಮತ್ತೆ ತುತ್ತು ಕೊಡಲು ಶುರುಮಾಡಿ ಎರಡು ವಾರ ಕಳೆದಿತ್ತು. ನಲವತ್ತೈದು ದಾಟಿದ ಗಂಡಸು, ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಒಂದಿಡೀ ಫ್ಲೋರಿನ ಜನರನ್ನು ಕಣ್ಸನ್ನೆಯಲ್ಲೇ ಓಡಾಡಿಸುವವನು, ಎವರ್‌ಗ್ರೀನಿನ ತನ್ನ ಮನೆಯ ಊಟದ ಟೇಬಲ್ಲಿನ ಮುಂದೆ ಬ್ಯಾಂಡೇಜು ಸುತ್ತಿದ ಬಲಗೈಯನ್ನು ದಿಂಬಿನ ಮೇಲೆ ಮಲಗಿಸಿಕೊಂಡು ಬಾಯಿ ತೆರೆಯುತ್ತಿದ್ದ. ಗೌರಮ್ಮ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಆ ಬಾಯಿಗೆ ಇಡುತ್ತಿದ್ದಳು. ಎಡಗೈಯಲ್ಲಿ ಅವನೇ ತಿನ್ನಬಹುದಿತ್ತು, ಹುಟ್ಟಾ ಎಡಚ ಬೇರೆ. ಆದರೆ ಎಡಗೈಯಲ್ಲಿ ಉಣ್ಣುವುದು ಬಿಡಿಸಲೆಂದು ಚಿಕ್ಕಂದಿನಲ್ಲಿ ಆ ಕೈಯನ್ನು ತನ್ನ ಸೆರಗಿಗೆ ಕಟ್ಟಿಹಾಕಿ ಕೂತಿದ್ದ ತಾಯಿಯ ಮುಂದೆ ಅದೆಲ್ಲ ನಡೆಯುವ ಮಾತಲ್ಲ.

ತುತ್ತಿಗೊಂದು ಬೈಗುಳವೂ ಇರುತ್ತಿತ್ತು. ಬೈಗುಳ ಮಗನಿಗಲ್ಲ.

“ಯಾವ್ ಬಡ್ಡಿಮಗ ಮಾಡುದ್ನೋ ಆ ಕೋವಿಯ. ಅವನ ಕೈ ಸೇದೋಗ! ಅವನ ಮನೆ ಬಾಗ್ಲು ಮುಚ್ಚೋಗ! ನನ್ ಮಗನ ಕೈ ತಿಂದ್ನಲ್ಲಪ್ಪ.”

ಸೊಸೆ ಉಮಾಶ್ರೀ ಇದನ್ನು ದಿನಾ ಮೂರು ಹೊತ್ತು ಕೇಳುತ್ತಿದ್ದಳು. ಮೊದಲ ವಾರ ಅವಳಿಗೂ ಅದು ಹಿತವಾಗಿಯೇ ಇತ್ತು. ಮಂಡ್ಯದ ಬಾಯಿಯಿಂದ ಬರುವ ಶಾಪಕ್ಕೆ ಒಂದು ರುಚಿಯಿದೆ, ತಾನು ಬಾಯಿಬಿಟ್ಟು ಬೈಯಲಾರದ್ದನ್ನು ಅತ್ತೆ ಬೈದುಕೊಡುತ್ತಿದ್ದಳು.

ಆಗಿದ್ದಿಷ್ಟು. ದಸರೆ ಮುಗಿದ ಶನಿವಾರ ಬೆಳಿಗ್ಗೆ ಗುರುಕಿರಣ ತನ್ನ ರೈಫಲ್ಲು ತೆಗೆದುಕೊಂಡು ಗೆಳೆಯ ವಿರುಪಾಕ್ಷಪ್ಪನ ಜೊತೆ ಗುಡ್ಡದ ಮೇಲಿನ ಶೂಟಿಂಗ್ ರೇಂಜಿಗೆ ಹೋದ. ಗುರಿ ಹಲಗೆ ನಿಲ್ಲಿಸಿ ಕೂತ. ಮೊದಲನೆಯ ಗುಂಡಿಗೇ ನಳಿಕೆಯ ತುದಿ ಸುಲಿದ ಬಾಳೆಹಣ್ಣಿನ ಹಾಗೆ ಸೀಳಿಕೊಂಡಿತು. ಒಂದು ಚೂರು ಹಿಂದಕ್ಕೆ ಹಾರಿ, ಬಂದೂಕದ ಕೆಳಗೆ ಆನಿಸಿಟ್ಟಿದ್ದ ಬಲಗೈಯ ಅಂಗೈಯನ್ನು ಉದ್ದಕ್ಕೆ ಕೊಯ್ದುಹಾಕಿತು. ಡಾಕ್ಟರು ನರ ಜೋಡಿಸಿದ್ದಾರೆ. ಎರಡು ಬೆರಳು ಮಡಚುತ್ತವೋ ಇಲ್ಲವೋ, ಕಟ್ಟು ಬಿಚ್ಚಿದ ಮೇಲೆ ನೋಡಬೇಕು ಅಂದಿದ್ದಾರೆ.

ಬೇರೆ ಯಾವ ಬಂದೂಕವಾಗಿದ್ದರೂ ಗುರುಕಿರಣನಿಗೆ ನೋವು ಕೈಯಲ್ಲಷ್ಟೇ ಇರುತ್ತಿತ್ತು. ಇದು ಅವನು ಒಂದೂವರೆ ವರ್ಷ ಕಾದು ತರಿಸಿಕೊಂಡದ್ದು. ದೊಡ್ಡ ಕಂಪನಿಗಳ ಬಂದೂಕಗಳಲ್ಲಿ ಗುಂಡು ಒಳಗೆ ತಳ್ಳಿ ಬಾಗಿಲು ಹಾಕುವ ಬೋಲ್ಟು ಬಲಗಡೆಗೇ ಇರುತ್ತದೆ. ಎಡಚರು ಮುಖದ ಮುಂದೆ ಕೈ ತಿರುವಿಕೊಂಡು ಒದ್ದಾಡಬೇಕು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ಮ್ಯಾಪಿನಲ್ಲಿ ಹುಡುಕಿದರೂ ಒಂದೇ ಸಲಕ್ಕೆ ಸಿಗದ ಊರೊಂದರಲ್ಲಿ, ಟ್ರೆವರ್ ಎಂಬುವನು ಹಳೆಯ ಕುರಿ ಉಣ್ಣೆಯ ಶೆಡ್ಡಿನಲ್ಲಿ ನಾಲ್ಕು ಜನರನ್ನು ಇಟ್ಟುಕೊಂಡು ವರ್ಷಕ್ಕೆ ಕೆಲವೇ ಡಜನ್ ರೈಫಲ್ಲು ಮಾಡುತ್ತಾನೆಂದೂ, ಹೇಳಿದರೆ ಎಡಗೈಯವರಿಗೂ ಮಾಡಿಕೊಡುತ್ತಾನೆಂದೂ ಯಾರೋ ಹೇಳಿದರು. ಅಲ್ಲಿಂದ ಶುರುವಾದದ್ದು. ಅದು ಆಮದು ಅಂಗಡಿ ದಾಟಿ, ಸರ್ಕಾರದ ತಪಾಸಣೆ ದಾಟಿ ಮನೆಗೆ ಬಂದ ದಿನದಿಂದ, ಬಂದವರಿಗೆಲ್ಲ ಅದರ ಕುಲಗೋತ್ರ ಕೇಳಿಸದೆ ಕಾಫಿ ಸಿಗುತ್ತಿರಲಿಲ್ಲ. ಉಕ್ಕಿನ ಕಂಬಿಗೆ ತೂತು ಕೊರೆಯುವುದು ಅಲ್ಲೇ, ಒಳಗೆ ನುಣುಪು ಮಾಡುವುದು ಕೈಯಲ್ಲೇ, ಹಿಡಿಕೆಯ ಅಕ್ರೋಟ್ ಮರ ಅದೇ ಊರಿನ ಯಾರದೋ ತೋಟದಲ್ಲಿ ಬಿರುಗಾಳಿಗೆ ಬಿದ್ದದ್ದು. ಮಗಳಿಗೆ ಗಂಡು ಗೊತ್ತುಮಾಡಿದವರೂ ಇಷ್ಟು ಹೇಳಿಕೊಳ್ಳುವುದಿಲ್ಲ.

ಅದೇ ಬಾಯಿ ಈಗ ಉಲ್ಟಾ ಹೊಡೆದಿತ್ತು. ಅದಕ್ಕೆ ಗಾಳಿ ಹಾಕಿದವನು ವಿರುಪಾಕ್ಷಪ್ಪ. ಡ್ಯಾನ್‌ವಿಲ್‌ನಲ್ಲಿರುವ ಧಾರವಾಡದ ಮನುಷ್ಯ, ಒಳ್ಳೆಯವನು, ಆಸ್ಪತ್ರೆಗೆ ಕಾರು ಓಡಿಸಿದವನೂ ಅವನೇ. ಆದರೆ ಬಂದೂಕದವರ ಆನ್‌ಲೈನ್ ಗುಂಪಿನಲ್ಲಿ ತನ್ನ ಮಾತಿಗೆ ತೂಕವಿದೆ ಎಂಬುದು ಅವನಿಗೆ ಗೊತ್ತಿತ್ತು.

“ಅಷ್ಟ್ ಸಣ್ಣ ಶೆಡ್ಡಿನಾಗ ಬ್ಯಾರಲ್ ಯಾರ್ ಮಾಡ್ತಾರೋ ಮಾರಾಯಾ? ಎಲ್ಲಿಂದರೆ ಸೋವಿ ಮಾಲ್ ತರಸ್ತಾರ, ಮ್ಯಾಲೆ ಮೇಡ್ ಇನ್ ಆಸ್ಟ್ರೇಲಿಯಾ ಅಂತ ಸಿಕ್ಕಾ ಹೊಡಿತಾರ. ನಿನ್ನ ಕೈ ಹೋತು, ನಾಳೆ ಇನ್ನೊಬ್ಬಂದ್ ಕಣ್ಣ ಹೋದೀತು.”

ಸೀಳಿದ ನಳಿಕೆಯ ಫೋಟೋ ಜೊತೆಗೆ ಅವನು ಅದನ್ನೇ ಬರೆದು ಹಾಕಿದ. ವಾರದೊಳಗೆ ಟ್ರೆವರನಿಗೆ ಕೊಟ್ಟ ಆರ್ಡರುಗಳನ್ನು ಜನ ಒಬ್ಬೊಬ್ಬರಾಗಿ ವಾಪಸು ತೆಗೆದುಕೊಳ್ಳತೊಡಗಿದರು.

ಟ್ರೆವರ್ ವಾದಕ್ಕೆ ಇಳಿಯಲಿಲ್ಲ. ಕೈ ಹೇಗಿದೆ ಎಂದು ಇಮೇಲಿನಲ್ಲಿ ಕೇಳಿದ. ಆಮೇಲೆ, ಗುಂಡು ಹಾಕುವ ಮೊದಲು ನಳಿಕೆಯೊಳಗೆ ಕಣ್ಣು ಹಾಯಿಸಿ ನೋಡಿದ್ದಿರಾ, ಎಂದು ಒಂದೇ ಪ್ರಶ್ನೆ ಕೇಳಿದ. ಗುರುಕಿರಣನಿಗೆ ಉರಿದುಹೋಯಿತು. “ಮಾಡೋದೆಲ್ಲಾ ಮಾಡ್ಬಿಟ್ಟು ನನ್ನ ತಲೆಗೇ ಕಟ್ತಿದ್ದಾನೆ ನೋಡು!” ಎಂದು ಎಡಗೈಯ ಬೆರಳಲ್ಲೇ ಕುಟ್ಟಿ ಕುಟ್ಟಿ, ನೋಡದೆ ಇರುತ್ತೇನೆಯೇ, ಖಂಡಿತ ನೋಡಿದ್ದೆ, ಎಂದು ಉತ್ತರ ಬರೆದ. ಅದಕ್ಕೆ ಟ್ರೆವರನ ಮರುಮಾತು ಬಂತು. ನಿಮ್ಮ ಹೆಂಡತಿ ಲೋಹ ಪರೀಕ್ಷೆ ಮಾಡುವವರು ಎಂದು ಹಿಂದೊಮ್ಮೆ ಹೇಳಿದ್ದಿರಿ, ಅವರೇ ನೋಡಲಿ. ಅವರು ಏನು ಹೇಳುತ್ತಾರೋ ಅದೇ ನನ್ನ ಮಾತು. ಉಕ್ಕಿನ ತಪ್ಪಾಗಿದ್ದರೆ ಮಾರಿದ ರೈಫಲ್ಲುಗಳನ್ನೆಲ್ಲ ವಾಪಸು ತರಿಸಿಕೊಂಡು ಶೆಡ್ಡಿಗೆ ಬೀಗ ಹಾಕುತ್ತೇನೆ.

ಶನಿವಾರ ಸಂಜೆ ಐದಕ್ಕೆ ವೀಡಿಯೋ ಕಾಲಿನಲ್ಲಿ ಮಾತಾಡುವುದೆಂದು ಗೊತ್ತಾಯಿತು.

ಮುರಿದ ಲೋಹದ ಪಂಚನಾಮೆಯೇ ಉಮಾಶ್ರೀಯ ಉದ್ಯೋಗ. ಫ್ರೀಮಾಂಟಿನ ಒಂದು ಲ್ಯಾಬಿನಲ್ಲಿ ಮುರಿದ ಬೋಲ್ಟು, ಒಡೆದ ಪೈಪು, ಯಾರದೋ ಸೊಂಟದೊಳಗೆ ತುಂಡಾದ ಉಕ್ಕಿನ ಕೀಲು, ಎಲ್ಲವೂ ಅವಳ ಮೇಜಿಗೆ ಬಂದು ಯಾಕೆ ಮುರಿದೆವು ಎಂದು ಹೇಳಿ ಹೋಗುತ್ತವೆ. ಶನಿವಾರ ಮಧ್ಯಾಹ್ನ ಬಾಸಿನ ಒಪ್ಪಿಗೆ ಪಡೆದು, ಬಂದೂಕ ರಿಪೇರಿಯವನು ಬಿಚ್ಚಿಕೊಟ್ಟಿದ್ದ ಬರೀ ನಳಿಕೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಅವಳು ಲ್ಯಾಬಿಗೆ ಹೋದಳು. ನಿಜ ಹೇಳಬೇಕೆಂದರೆ ಉಕ್ಕು ಕೆಟ್ಟದ್ದಾಗಿರಲಿ ಎಂದೇ ಅವಳ ಮನಸ್ಸು ಹಂಬಲಿಸುತ್ತಿತ್ತು. ಸಿಟ್ಟಿಗೂ ಒಂದು ವಿಳಾಸ ಬೇಕಲ್ಲ.

ಉಕ್ಕು ಅವಳ ಮಾತು ಕೇಳಲಿಲ್ಲ. ಗಡಸುತನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ಸೂಕ್ಷ್ಮದರ್ಶಕದಡಿ ಒಂದು ಕುಂದೂ ಕಾಣಲಿಲ್ಲ. ಮರದ ಹಿಡಿಕೆ ಮುಚ್ಚಿಕೊಂಡಿದ್ದ ಜಾಗದಲ್ಲಿ, ಕೊಂಡವರು ಎಂದೂ ನೋಡದ ಕಡೆ, ಕೊರೆದವನ ಎರಡು ಅಕ್ಷರ ಸಣ್ಣದಾಗಿ ಕೆತ್ತಿದ್ದವು. ಸೋವಿ ಮಾಲಿಗೆ ಸಿಕ್ಕಾ ಹೊಡೆಯುವವರು ಮೇಲೆ ಹೊಡೆಯುತ್ತಾರೆ, ಒಳಗೆ ಬಚ್ಚಿಟ್ಟು ಹೊಡೆಯುವುದಿಲ್ಲ. ಒಡೆದ ತುದಿಯನ್ನು ಬೆಳಕಿಗೆ ಹಿಡಿದಳು. ಸೀಳುವ ಮೊದಲು ನಳಿಕೆ ಆ ಜಾಗದಲ್ಲಿ ಬಳೆ ತೊಡಿಸಿದಂತೆ ಸುತ್ತಲೂ ಉಬ್ಬಿತ್ತು. ಕೆಟ್ಟ ಉಕ್ಕು ಉಬ್ಬುವುದಿಲ್ಲ, ಗಾಜಿನ ಹಾಗೆ ಚೂರಾಗುತ್ತದೆ. ಇದು ತಡೆಯುವಷ್ಟು ತಡೆದು, ಹಿಗ್ಗುವಷ್ಟು ಹಿಗ್ಗಿ, ಕೊನೆಗೆ ತುದಿಯನ್ನಷ್ಟೇ ಬಿಟ್ಟುಕೊಟ್ಟಿತ್ತು. ಹೀಗೆ ತಡೆಯದಿದ್ದರೆ ಗುರು ಇವತ್ತು ಕೈಗಲ್ಲ, ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡಿರುತ್ತಿದ್ದ. ಅಥವಾ ಇರುತ್ತಲೇ ಇರಲಿಲ್ಲ.

ಆದರೆ ಉಬ್ಬು ಇನ್ನೊಂದು ಮಾತನ್ನೂ ಹೇಳುತ್ತಿತ್ತು. ಗುಂಡು ಹೋಗುವ ದಾರಿಯಲ್ಲಿ ಏನೋ ಅಡ್ಡ ಇತ್ತು.

ಕಣ್ಣಿಗೆ ಕಾಣದ ಬಿರುಕು ಹುಡುಕಲು ಲ್ಯಾಬಿನಲ್ಲಿ ಹೊಳೆಯುವ ಬಣ್ಣ ಬಳಿದು ನೇರಳೆ ದೀಪದಲ್ಲಿ ನೋಡುವ ಕ್ರಮವಿದೆ. ಬಣ್ಣ ಬಳಿಯುವ ಮೊದಲು ಒಮ್ಮೆ ಹಾಗೇ ನೋಡಿಕೊಳ್ಳಬೇಕು. ದೀಪ ಆರಿಸಿ ನೇರಳೆ ಬೆಳಕು ಹಾಕಿದಳು. ಬಣ್ಣವೇ ಬಳಿಯದ ನಳಿಕೆ ಅಲ್ಲಲ್ಲಿ ಹಳದಿ ಹಸಿರಾಗಿ ಹೊಳೆಯಿತು. ಒಂದು ಕ್ಷಣ ಬೆಚ್ಚಿ, ಆಮೇಲೆ ಒಬ್ಬಳೇ ನಕ್ಕಳು. ಅರಿಶಿನ! ಆಯುಧಪೂಜೆಯ ದಿನ ಅತ್ತೆ ಹಚ್ಚಿದ್ದು. ಪೂಜೆ ಮಾಡಿದ್ದನ್ನು ಒರೆಸಬಾರದೆಂದು ಗುರು ಅದನ್ನು ಹಾಗೇ ರೇಂಜಿಗೆ ಒಯ್ದಿದ್ದ. ಹೊರಗಡೆ ಹೊಳೆದರೆ ಹೊಳೆಯಲಿ.

ನಗು ಮುಗಿಯುವ ಮೊದಲೇ ಸಣ್ಣ ಕ್ಯಾಮೆರಾವನ್ನು ನಳಿಕೆಯೊಳಗೆ ಇಳಿಸಿದ್ದಳು. ಒಳಗೂ ಹೊಳೆಯುತ್ತಿತ್ತು. ಉಬ್ಬಿನ ಹಿಂದುಗಡೆ, ಒಳಗೋಡೆಯ ಗೀರುಗಳಲ್ಲಿ, ಸುಟ್ಟು ಅಂಟಿಕೊಂಡ ಹಳದಿ ಚೂರುಗಳು. ಒಂದನ್ನು ಕಡ್ಡಿಯಿಂದ ಕೆರೆದು ಗಾಜಿನ ಮೇಲಿಟ್ಟು ನೋಡಿದಳು. ಅರಿಶಿನದ ಜೊತೆ ಅಕ್ಕಿಹಿಟ್ಟು. ಯಾರೋ ಕಲಸಿ, ಒತ್ತಿ, ಒಳಗೆ ತಳ್ಳಿದ ಹಿಟ್ಟು.

ಮನೆಯಲ್ಲಿ ಹಿಟ್ಟು ಕಲಸುವವರು ಇಬ್ಬರೇ. ಅವಳಂತೂ ಕಲಸಿರಲಿಲ್ಲ.

ಫ್ರೀವೇನಲ್ಲಿ ಕಾರು ಓಡಿಸುತ್ತ ಅವಳು ಆ ದಿನವನ್ನು ನೆನಪಿಗೆ ತಂದುಕೊಂಡಳು. ಬುಧವಾರ, ಮನೆಯಿಂದಲೇ ಕೆಲಸ. ಹಾಲಿನಲ್ಲಿ ಮಣೆಯ ಮೇಲೆ ಕಾರಿನ ಕೀಗಳು, ಎರಡು ಲ್ಯಾಪ್‌ಟಾಪು, ಮಿಕ್ಸಿಯ ಜಾರು, ಈಳಿಗೆಮಣೆ. ಮಧ್ಯದಲ್ಲಿ ಬೋಲ್ಟು ಕಳಚಿದ ರೈಫಲ್ಲು. ಗುರು ಹಿಂದಿನ ದಿನವೇ ಅದನ್ನು ಒಳಗೂ ಹೊರಗೂ ಒರೆಸಿ ಲಕಲಕ ಅನ್ನುವ ಹಾಗೆ ಇಟ್ಟಿದ್ದ, ಬೋಲ್ಟನ್ನು ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋಗಿದ್ದ. ಅತ್ತೆ ಬಟ್ಟಲಿನಲ್ಲಿ ಏನೋ ಕಲಸುತ್ತಿದ್ದಳು. ಉಮಾಶ್ರೀ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು, ಮೀಟಿಂಗಿನಲ್ಲಿ, ಕ್ಯಾಮೆರಾ ಆಫ್ ಮಾಡಿ, ಚೆಂಡುಹೂ ಬಿಡಿಸಿಕೊಡುತ್ತಿದ್ದಳು. ಅತ್ತೆ ಏನೋ ಹೇಳಿದಳು. ಹೌದು, ಏನೋ ಹೇಳಿದಳು. ಏನು?

ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಆ ಮೀಟಿಂಗಿನಲ್ಲಿ ಯಾರು ಏನು ಹೇಳಿದರೆಂಬುದೂ ಈಗ ನೆನಪಿರಲಿಲ್ಲ.

ಮನೆಗೆ ಬಂದಾಗ ವಿರುಪಾಕ್ಷಪ್ಪ ಆಗಲೇ ಬಂದು ಸೋಫಾ ತುಂಬ ಕೂತಿದ್ದ. ಅವನೂ ಗುರುಕಿರಣನೂ ಒಟ್ಟಿಗೇ ತಲೆ ಎತ್ತಿದರು.

“ಏನಾಯ್ತು? ಸ್ಟೀಲ್ ಡೂಪ್ಲಿಕೇಟ್ ತಾನೇ?” ಗುರುಕಿರಣ ಕೇಳಿದ.

“ಐದು ಗಂಟೆಗೆ ಹೇಳ್ತೀನಿ,” ಎಂದು ಅವಳು ನೇರ ಅಡುಗೆಮನೆಗೆ ಹೋದಳು. ಅತ್ತೆ ಕಟ್ಟೆಯ ಮುಂದೆ ನಿಂತು ಅವರೆಕಾಳು ಹಿಚುಕುತ್ತಿದ್ದಳು, ಫ್ರೀಜರಿನದು, ಹೇಗೋ ಆಗಲಿ ಎಂದು. ಉಮಾಶ್ರೀ ಸಿಂಕಿನ ನಲ್ಲಿ ಜೋರಾಗಿ ತಿರುಗಿಸಿದಳು, ಹಾಲಿನಲ್ಲಿದ್ದವರಿಗೆ ಕೇಳಿಸಬಾರದಲ್ಲ.

“ಅತ್ತೆ, ಒಂದ್ ಮಾತು. ಪೂಜೆ ದಿನ ಆ ಗನ್ನಿನ ಬಾಯಿಗೆ ಏನಾದ್ರೂ ಇಟ್ರಾ?”

“ಇಡ್ದೇ ಇರ್ತಾರಾ? ಅರಿಸ್ನದಿಟ್ಟು ಕನವ್ವ.” ಗೌರಮ್ಮ ತಲೆ ಎತ್ತಲೂ ಇಲ್ಲ. “ಪೂಜೆ ದಿಸ ಅದ್ರು ಬಾಯಿ ಕಟ್ಬೇಕು. ಕಬ್ಬಿನ ಗದ್ದೆಗೆ ಹಂದಿ ಬತ್ತವೆ ಅಂತ ನಿಮ್ಮಾವ ಲೈಸನ್ಸ್ ಕೋವಿ ಮಡಗಿದ್ರಲ್ಲ, ವರ್ಸಾ ವರ್ಸಾ ನಾನೇ ಕಟ್ತಿದ್ದೆ. ಅದು ಅವತ್ತೊಂದಿನ ಉಸ್ರೆತ್ಬಾರ್ದು, ಮಲಗಿರ್ಬೇಕು. ಮಾರನೇ ದಿಸ ನಿಮ್ಮಾವ ಕಡ್ಡೀಲಿ ಬಾಯಿ ಬುಡಿಸೋರು. ನಿಮ್ಮಾವನ ಕೋವಿ ಬಾಯ್ಗೆ ಹೆಬ್ಬೆಟ್ಟು ತೂರೋದು. ಇದ್ರುದು ಕಿರುಬೆಳ್ಳೂ ಹೋಗಾಕಿಲ್ಲ. ಹೂಬತ್ತಿ ಹೊಸ್ದಂಗೆ ಹೊಸ್ದು ಊದುಬತ್ತಿ ಕಡ್ಡೀಲಿ ಒಳೀಕೆ ತಳ್ದೆ.”

“ಗುರೂಗೆ ಹೇಳಿದ್ರಾ? ತೆಗೀಬೇಕು ಅಂತ?”

ಈಗ ಗೌರಮ್ಮ ತಲೆ ಎತ್ತಿದಳು. “ನಿಂಗೇ ಯೋಳುದ್ನಲ್ಲವ್ವ. ನಾಳೀಕೆ ಬಾಯಿ ಬುಡಿಸ್ಬೇಕು, ನಿನ್ ಗಂಡುಂಗೆ ಯೋಳ್ಬುಡು, ನಂಗೆ ಮರ್ತೋಯ್ತದೆ ಅಂದೆ. ನೀನು ಹೂಂ ಅಂದೆ.”

ನಲ್ಲಿಯ ನೀರು ಸುರಿಯುತ್ತಲೇ ಇತ್ತು.

“ಯಾಕೆ? ಯೋಳ್ನಿಲ್ವಾ?”

“ಸುಮ್ನೆ ಕೇಳ್ದೆ ಅತ್ತೆ,” ಅಂದಳು ಉಮಾಶ್ರೀ. ನಲ್ಲಿ ನಿಲ್ಲಿಸಿ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೂಂ ಅಂದಿದ್ದಳಂತೆ. ಅಂದಿರಬೇಕು. ಎಷ್ಟು ಸಲ ಹಾಗೆ ಅಂದಿಲ್ಲ! ಅತ್ತೆ ಬಂದ ಮೂರು ತಿಂಗಳಿನಿಂದ ಒಂದು ಕಿವಿಯಲ್ಲಿ ಆಫೀಸು, ಇನ್ನೊಂದು ಕಿವಿಯಲ್ಲಿ ಅತ್ತೆಯ ಊರಿನ ಸುದ್ದಿ. ಎರಡಕ್ಕೂ ಅವಳದು ಒಂದೇ ಉತ್ತರ. ಮಾತಿಗೆ ಜನವಿಲ್ಲದ ಮನೆಯಲ್ಲಿ ಮುದುಕಿ ಆ ಹೂಂಕಾರವನ್ನೇ ನಂಬಿ ದಿನ ನೂಕಿದ್ದಳು. ಉಮಾಶ್ರೀಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ನಿಜ ಹೇಳಿದರೆ ಏನಾಗುತ್ತದೆ? ಗಂಡನ ಮುಂದೆ ತಾನು ತಲೆ ತಗ್ಗಿಸಬೇಕು, ಅದು ಹೋಗಲಿ. ಹೊತ್ತು ಹೊತ್ತಿಗೂ ಮಗನಿಗೆ ತುತ್ತಿಡುವ ಕೈಯೇ ಮಗನ ಕೈ ಸೀಳಿದ್ದು ಎಂದು ಆ ತಾಯಿಗೆ ಯಾರು ಹೇಳುವುದು?

ಹೇಳದಿದ್ದರೆ ಆ ಶೆಡ್ಡಿಗೆ ಬೀಗ ಬೀಳುತ್ತದೆ. ಉಕ್ಕಿನಲ್ಲಿ ಒಂದು ಕುಂದೂ ಬಿಡದ ಟ್ರೆವರ್ ಅವಳ ಮಾತಿನ ಮೇಲೆ ಎಲ್ಲ ಬಿಟ್ಟು ಕೂತಿದ್ದಾನೆ.

ಐದಕ್ಕೆ ಐದು ನಿಮಿಷವಿತ್ತು. ಮುಖ ತೊಳೆದುಕೊಂಡು ಹೊರಗೆ ಬಂದಳು.

ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪಿಟ್ಟು ಮೂವರೂ ಕೂತರು. ಪರದೆಯಲ್ಲಿ ಟ್ರೆವರ್ ಕಾಣಿಸಿಕೊಂಡ. ಅಲ್ಲಿ ಆಗಲೇ ಭಾನುವಾರದ ಬೆಳಗು. ಅರವತ್ತರ ಆಸುಪಾಸಿನ, ಬಿಸಿಲಿಗೆ ಕೆಂಪಾದ ಮುಖ, ತಲೆಯ ಮೇಲೆ ಹಳೆಯ ಹ್ಯಾಟು. ಹಿಂದೆ ತಗಡಿನ ಗೋಡೆ, ಬಟ್ಟೆ ಹೊದಿಸಿದ ಲೇತು. ರಜೆಯ ದಿನವಾದರೂ, ಕೋರ್ಟಿಗೆ ಬಂದವನ ಹಾಗೆ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಮೊದಲು ಕೈ ತೋರಿಸಲು ಹೇಳಿದ. ಗುರುಕಿರಣ ಬಿಗಿದ ಮುಖದಲ್ಲೇ ಬ್ಯಾಂಡೇಜು ಎತ್ತಿ ಹಿಡಿದ. ಟ್ರೆವರ್ ಸ್ವಲ್ಪ ಹೊತ್ತು ಅದನ್ನೇ ನೋಡಿ, ಬೆರಳು ಮಡಚಲು ಬರುವ ಹಾಗಾಗಲಿ ಅಂದ. ಆಮೇಲೆ ಉಮಾಶ್ರೀಯ ಕಡೆ ತಿರುಗಿ, ಹೇಳಿ, ಅಂದ.

ಮಾತು ಎಲ್ಲ ಇಂಗ್ಲಿಷಿನಲ್ಲಿ. ಅಡುಗೆಮನೆಯ ಬಾಗಿಲಲ್ಲಿ ಗೌರಮ್ಮ ಕೈಗೆ ಮೆತ್ತಿದ ಕಾಳಿನ ಸಿಪ್ಪೆ ಒರೆಸಿಕೊಳ್ಳುತ್ತ ಬಂದು ನಿಂತಳು. ತನ್ನ ಶಾಪ ಇಷ್ಟು ದಿನ ಹುಡುಕುತ್ತಿದ್ದ ಮುಖವನ್ನು ಅವಳು ಈಗಷ್ಟೇ ನೋಡುತ್ತಿದ್ದಳು.

ಉಮಾಶ್ರೀ ಬಾಯಿ ತೆರೆದಳು. ಅವಳ ವೃತ್ತಿಯಲ್ಲಿ ತಪ್ಪಿಸಿಕೊಳ್ಳಲು ಒಂದು ಒಳ್ಳೆಯ ವಾಕ್ಯವಿದೆ, ಅದೇ ಹೊರಗೆ ಬಂತು. “ಈಗ ಸಿಕ್ಕಿರುವ ಪುರಾವೆಯಿಂದ ಕಾರಣ ಇಂಥದ್ದೇ ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ.”

ವಿರುಪಾಕ್ಷಪ್ಪ ಕೂತಲ್ಲೇ ಮಿಸುಕಾಡಿದ. ಟ್ರೆವರ್ ನಿಧಾನವಾಗಿ ತಲೆಯಾಡಿಸಿದ.

“ಹಾಗಾದರೆ ಮುಗಿಯಿತು,” ಅಂದ. “ಯಾಕೆ ಒಡೆಯಿತು ಎಂದು ಗೊತ್ತಿಲ್ಲದೆ ಇನ್ನೊಂದನ್ನು ಇನ್ನೊಬ್ಬರ ಕೈಗೆ ಕೊಡಲಾರೆ. ನಾಳೆ ಬೆಳಿಗ್ಗೆ ನನ್ನ ಜೊತೆಯವರಿಗೆ ಹೇಳುತ್ತೇನೆ. ತೊಂದರೆ ತೆಗೆದುಕೊಂಡು ನೋಡಿದ್ದಕ್ಕೆ ಥ್ಯಾಂಕ್ಸ್.”

ಜಗಳವಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಥ್ಯಾಂಕ್ಸ್ ಅಂದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಕರೆ ಮುಗಿಸಲು ಅವನ ಕೈ ಪರದೆಯತ್ತ ಬರುತ್ತಿತ್ತು.

“ನಿಲ್ಲಿ,” ಅಂದಳು. “ನಾನು ಹೇಳಿದ್ದು ಸುಳ್ಳು. ಕಾರಣ ನನಗೆ ಗೊತ್ತು. ನಿಮ್ಮ ಉಕ್ಕಿನಲ್ಲಿ ಏನೂ ತಪ್ಪಿಲ್ಲ. ನಾನು ನೋಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. ಅದು ಅಷ್ಟು ಗಟ್ಟಿಯಾಗಿದ್ದುದಕ್ಕೇ ನನ್ನ ಗಂಡ ಈ ಕುರ್ಚಿಯಲ್ಲಿ ಕೂತಿದ್ದಾನೆ. ನಳಿಕೆಯ ಬಾಯಲ್ಲಿ ಅಡ್ಡಿ ಇತ್ತು. ಅರಿಶಿನ ಹಾಕಿ ಕಲಸಿದ ಹಿಟ್ಟು, ಒಣಗಿ ಕಲ್ಲಾಗಿತ್ತು. ನಮ್ಮಲ್ಲಿ ವರ್ಷಕ್ಕೊಂದು ದಿನ ಆಯುಧಕ್ಕೆ ಪೂಜೆ ಮಾಡಿ ವಿಶ್ರಾಂತಿ ಕೊಡುತ್ತಾರೆ, ಅವತ್ತು ಇಟ್ಟದ್ದು. ಮಾರನೆಯ ದಿನ ತೆಗೆಸು ಎಂದು ನನಗೆ ಹೇಳಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ.”

ಗುರುಕಿರಣ ಹೆಂಡತಿಯ ಮುಖ ನೋಡಿದ, ಆಮೇಲೆ ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ನೋಡಿದ, ತಟ್ಟನೆ ಕಣ್ಣು ಕಿತ್ತುಕೊಂಡ.

“ಆದರೆ,” ಟ್ರೆವರ್ ಮೆಲ್ಲಗೆ ಕೇಳಿದ, “ನಳಿಕೆಯೊಳಗೆ ಕಣ್ಣು ಹಾಯಿಸಿ ನೋಡಿದ್ದೆ ಎಂದು ನೀವು ಬರೆದಿದ್ದಿರಲ್ಲ?”

ಗುರುಕಿರಣನ ಕಿವಿ ಕೆಂಪಾಯಿತು. ಹೆಮ್ಮೆಯ ಮನುಷ್ಯ, ಅವನು ಆ ಮಾತನ್ನು ಗಂಟಲಿನಿಂದ ಎಳೆದು ತೆಗೆಯುವುದನ್ನು ಉಮಾಶ್ರೀ ಪಕ್ಕದಲ್ಲಿ ಕೂತು ನೋಡಿದಳು. “ನೋಡಿರಲಿಲ್ಲ,” ಅಂದ. “ಪೂಜೆಯ ಹಿಂದಿನ ದಿನ ನಾನೇ ಕ್ಲೀನ್ ಮಾಡಿದ್ದೆ. ನನ್ನ ಕೈಯಲ್ಲೇ ಮಾಡಿದ್ದಲ್ಲವಾ, ಇನ್ನೇನು ನೋಡುವುದು ಅಂತ... ಸುಳ್ಳು ಬರೆದೆ. ಸಾರಿ.”

ಟ್ರೆವರ್ ಹ್ಯಾಟು ತೆಗೆದು ಟೇಬಲ್ಲಿನ ಮೇಲಿಟ್ಟ. ಗೆದ್ದವನ ಮುಖ ಅವನದಾಗಿರಲಿಲ್ಲ. ಎರಡು ವಾರದಿಂದ ನಿದ್ದೆ ಮಾಡಿಲ್ಲ, ಇವತ್ತು ಮಾಡುತ್ತೇನೆ, ಎಂದಷ್ಟೇ ಅಂದ. ನಳಿಕೆಯಲ್ಲಿ ಅಡ್ಡಿ ಇತ್ತು ಎಂದಷ್ಟೇ ನಮ್ಮ ವೆಬ್ ಪುಟದಲ್ಲಿ ಹಾಕುತ್ತೇನೆ, ಯಾರು ಇಟ್ಟರು ಎಂಬುದು ನಿಮ್ಮ ಮನೆಯ ಮಾತು, ಎಂದೂ ಸೇರಿಸಿದ.

ವಿರುಪಾಕ್ಷಪ್ಪ ಫೋನು ತೆಗೆದು ತಾನು ಬರೆದದ್ದನ್ನು ಹುಡುಕುತ್ತಿದ್ದ. “ಬರೇ ತೆಗದ್ರ ಸಾಲಂಗಿಲ್ಲ,” ಎಂದು ತನ್ನಷ್ಟಕ್ಕೇ ಗೊಣಗಿದ. “ನಾ ಬರದದ್ದು ಸುಳ್ಳ ಅಂತ ನಾನ ಬರೀಬೇಕು.”

ಇಷ್ಟರಲ್ಲಿ ಗೌರಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಇಂಗ್ಲಿಷು ಅರ್ಥವಾಗದಿದ್ದರೂ ಮುಖಗಳು ಅರ್ಥವಾಗುತ್ತವಲ್ಲ. “ಏನಂತೆ ಮಗ? ಆ ಬಡ್ಡಿಮಗ ತಪ್ಪು ಒಪ್ಕಂಡ್ನಾ?”

ಗುರುಕಿರಣ ಹೆಂಡತಿಯ ಕಡೆ ನೋಡಿದ. ಬೇಡ, ದಯವಿಟ್ಟು ಬೇಡ, ಎಂದು ಕಣ್ಣಿನಲ್ಲೇ ಅಂಗಲಾಚಿದ. ಆಮೇಲೆ ತಾಯಿಯ ಕಡೆ ತಿರುಗಿ, “ಹೂಂ ಅವ್ವ, ಒಪ್ಕೊಂಡ,” ಅಂದ.

ಆ ಹೂಂ ಉಮಾಶ್ರೀಗೆ ಚುಚ್ಚಿತು. ಈ ಮನೆಯಲ್ಲಿ ಮುದುಕಿಗೆ ಹೇಳಿದ ಒಂದು ಹೂಂ ಸಾಕಾಗಿತ್ತು.

“ಇಲ್ಲ ಅತ್ತೆ,” ಅಂದಳು. ಎದ್ದು ಹೋಗಿ ಗೌರಮ್ಮನ ಒದ್ದೆ ಕೈ ಹಿಡಿದುಕೊಂಡಳು. “ಅವರದೇನೂ ತಪ್ಪಿಲ್ಲ. ಅವರು ಗಟ್ಟಿಯಾಗೇ ಮಾಡಿದ್ರು. ನೀವು ಬಾಯಿ ಕಟ್ಟಿದ್ರಲ್ಲ, ಆ ಹಿಟ್ಟು ಒಳಗೇ ಇತ್ತು. ಯಾರೂ ತೆಗೀಲಿಲ್ಲ. ನೀವು ನನಗೆ ಹೇಳಿದ್ರಿ, ನಾನು ಆಫೀಸಿನ ಫೋನ್ ಕೇಳ್ತಾ ಸುಮ್ನೆ ಹೂಂ ಅಂದೆ. ನನಗೆ ಕೇಳಿಸ್ಲೇ ಇಲ್ಲ ಅತ್ತೆ. ಗುರೂನೂ ನೋಡ್ದೆ ಗುಂಡು ಹಾರ್ಸಿದ. ಅದಕ್ಕೇ ಒಡೀತು.”

ಗೌರಮ್ಮ ಸೊಸೆಯ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಬೆರಳುಗಳನ್ನು ಮುಖದ ಹತ್ತಿರ ತಂದು ನೋಡಿಕೊಂಡಳು. ಬೆಳಿಗ್ಗೆ ಸಾರಿಗೆ ಅರಿಶಿನ ಹಾಕಿದ್ದಳು, ಉಗುರಿನ ಸಂದಿಯಲ್ಲಿ ಇನ್ನೂ ಹಳದಿ ಉಳಿದಿತ್ತು. ಆಮೇಲೆ ಟೇಬಲ್ಲಿನ ಹತ್ತಿರ ಬಂದು ಪರದೆಯ ಮುಂದೆ ನಿಂತಳು.

“ಬಾಯಿಗೆ ಬಂದಂಗೆ ಬೈದ್ಬುಟ್ನಲ್ಲಪ್ಪ ನಿನ್ನ,” ಎಂದು ಆ ಕೆಂಪು ಮುಖಕ್ಕೆ ಕನ್ನಡದಲ್ಲೇ ಹೇಳಿದಳು. “ನಿನ್ ಮನೆ ಬಾಗ್ಲು ಮುಚ್ಚೋಗ್ಲಿ ಅಂದ್ನಲ್ಲ. ತಾಯಿ ಹೆತ್ತ ಮಗ ನೀನೂ. ನಂದು ತಪ್ಪಾಯ್ತು ಕನಪ್ಪ.” ಎರಡೂ ಕೈ ಜೋಡಿಸಿದಳು.

ಟ್ರೆವರನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಅವನು ಕುರ್ಚಿಯಿಂದ ಎದ್ದು ನಿಂತ, ಯಾರೋ ಹಿರಿಯರು ಒಳಗೆ ಬಂದರೆಂಬಂತೆ. ಏನು ಮಾಡಬೇಕೆಂದು ತೋಚದೆ ತಾನೂ ಕೈ ಜೋಡಿಸಿದ.

ಸಂಜೆ ವಿರುಪಾಕ್ಷಪ್ಪ ಹೋದ ಮೇಲೆ ಉಮಾಶ್ರೀ ಇಯರ್‌ಬಡ್ಡುಗಳನ್ನು ಡ್ರಾಯರಿಗೆ ಹಾಕಿ ಅಡುಗೆಮನೆಗೆ ಬಂದಳು. ಹಿಚುಕಿದವರೆಯ ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ಅತ್ತೆ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು, ಸಾರು ಬಡಿಸಿದಳು, ತಟ್ಟೆ ತಂದು ಮಗನ ಮುಂದಿಟ್ಟಳು. ದಿನವೂ ಎಳೆದುಕೊಳ್ಳುತ್ತಿದ್ದ ಕುರ್ಚಿಯನ್ನು ಎಳೆದುಕೊಳ್ಳಲಿಲ್ಲ.

“ನೀನೇ ತಿನ್ಸವ್ವ,” ಎಂದು ಸೊಸೆಗೆ ಹೇಳಿ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. “ಇಲ್ದಿದ್ರೆ ಚಮಚ ಕೊಡು, ಎಡಗೈಲೇ ಉಣ್ಲಿ. ಇನ್ಮೇಲೆ ನಾನೇನೂ ಅನ್ನಾಕಿಲ್ಲ.”

ಇದೇ, ಇದಕ್ಕೇ ಉಮಾಶ್ರೀ ಹೆದರಿದ್ದು. ಅವಳು ಚಮಚ ತರಲು ಹೋಗಲಿಲ್ಲ.

ಗುರುಕಿರಣ ತಟ್ಟೆಯನ್ನು ಮುಟ್ಟಲಿಲ್ಲ. ಎಡಗೈಯನ್ನು ಮೆಲ್ಲಗೆ ತಾಯಿಯ ಕಡೆ ಚಾಚಿ, ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಗಿಯಾಗಿ ಹಿಡಿದುಕೊಂಡ.

“ಹಸಿವಾಗ್ತಿದೆ ಅವ್ವ,” ಎಂದು ಬಾಯಿ ತೆರೆದು ಕೂತ.

ಮುದ್ದೆ ಆರುತ್ತಿತ್ತು. ಅವನು ಬಾಯಿ ಮುಚ್ಚಲಿಲ್ಲ. ಕೊನೆಗೆ ಗೌರಮ್ಮನ ಬಲಗೈ ಸೆರಗಿನಿಂದ ಹೊರಗೆ ಬಂತು.